ಡೋಗೋನ್ ಮುಖವಾಡಗಳು: ಎರಡು ಅವಧಿಯ ಪೂರಕ ಪಾಠಕ್ಕೆ ವಿಷಯ ಸಿದ್ಧತೆ

ಅಭ್ಯಾಸ ಬೋಧನೆಯಲ್ಲಿ ಕಲಾ ಸಮನ್ವಯಕ್ಕೆಂದು ಸಿಗುವ ಎರಡು ಅವಧಿಗಳನ್ನು ನಾನು ಒಂಬತ್ತನೇ ತರಗತಿಯಲ್ಲಿ ಪಶ್ಚಿಮ ಆಫ್ರಿಕಾದ ಡೋಗೋನ್ ಜನರ ಮರದ ಮುಖವಾಡಗಳಿಗೆ ಬಳಸಿಕೊಂಡೆ. ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಮುಖವಾಡಕ್ಕೂ ಅದಕ್ಕೂ ಏನು ಸಂಬಂಧ ಎಂದು ಸಹಪಾಠಿಗಳು ಕೇಳಿದರು. ಗುರುತ್ವ ಕೇಂದ್ರ, ಟಾರ್ಕ್, ಕಾಲಗಣನೆ, ಲುಬ್ಧಕ ನಕ್ಷತ್ರ, ಜೊತೆಗೆ ‘ಇದು ನಿಜವೆಂದು ನಿನಗೆ ಹೇಗೆ ಗೊತ್ತು’ ಎಂಬ ವಿಜ್ಞಾನದ ಮೂಲ ಪ್ರಶ್ನೆ, ಇಷ್ಟೂ ಈ ಒಂದು ವಿಷಯದಲ್ಲಿ ಬಂದು ಸೇರುತ್ತವೆ. ಪಾಠಯೋಜನೆಯ ನಮೂನೆ ಎಲ್ಲರ ಕಡತದಲ್ಲೂ ಇದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಪಾಠದ ಹಿಂದೆ ಇರಬೇಕಾದ ವಿಷಯಜ್ಞಾನವನ್ನಷ್ಟೇ ವಿವರಿಸುತ್ತೇನೆ.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಈ ಮುಖವಾಡಗಳ ಚಿತ್ರ ಸುಲಭವಾಗಿ ಸಿಗುತ್ತದೆ. ಅದರ ಕೆಳಗೆ ‘ಆಫ್ರಿಕಾದ ಬುಡಕಟ್ಟು ಮುಖವಾಡ’ ಎಂಬ ಒಂದೇ ಸಾಲು ಇರುತ್ತದೆ. ಆ ಚಿತ್ರವನ್ನು ಚಾರ್ಟಿಗೆ ಅಂಟಿಸಿ ತೋರಿಸಿದರೆ ಮಕ್ಕಳು ನಗುತ್ತಾರೆ, ಪಾಠ ಆಸಕ್ತಿಯಿಂದ ಸಾಗಿತು ಎಂದು ವೀಕ್ಷಣಾ ಪುಸ್ತಕದಲ್ಲಿ ಷರಾ ಬೀಳುತ್ತದೆ. ಆದರೆ ತೋರಿಸಿದ್ದು ಒಂದು ಜನಸಮುದಾಯ ತನ್ನ ಸತ್ತವರನ್ನು ಕಳುಹಿಸಿಕೊಡುವ ಆಚರಣೆಯ ಒಂದು ತುಣುಕನ್ನು. ಪರರ ಮನೆಯ ಸೂತಕವನ್ನು ನಗೆಯ ವಸ್ತುವಾಗಿ ಮಕ್ಕಳ ಕೈಗೆ ಕೊಡಬಾರದೆಂದರೆ ನಾವು ಮೊದಲು ಅದನ್ನು ತಿಳಿದಿರಬೇಕು.

ಬಂಡೆಸಾಲಿನ ಊರುಗಳು

ಮಾಲಿ ದೇಶದ ನಡುಭಾಗದಲ್ಲಿ ಬಂಡಿಯಾಗರಾ ಎಂಬ ಮರಳುಗಲ್ಲಿನ ಕಡಿದಾದ ಬಂಡೆಸಾಲು ಇದೆ. ಉದ್ದ ಸುಮಾರು 150 ಕಿಲೋಮೀಟರ್. ಕೆಲವೆಡೆ ಎತ್ತರ 500 ಮೀಟರ್ ಮುಟ್ಟುತ್ತದೆ. ಬಂಡೆಯ ಮೇಲಿನ ಪ್ರಸ್ಥಭೂಮಿ, ಬಂಡೆಯ ಬುಡ, ಅದರಾಚೆಯ ಮರಳು ಬಯಲು, ಈ ಮೂರು ಕಡೆಯೂ ಡೋಗೋನ್ ಹಳ್ಳಿಗಳಿವೆ. ಮುಖ್ಯ ಬೆಳೆ ಸಜ್ಜೆ, ನೀರಿದ್ದಲ್ಲಿ ಈರುಳ್ಳಿ. 1989ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಡೋಗೋನರಿಗಿಂತ ಮೊದಲು ಇಲ್ಲಿದ್ದ ಟೆಲ್ಲೆಮ್ ಜನರು ಬಂಡೆಯ ಗೋಡೆಯಲ್ಲಿರುವ ಗುಹೆಗಳಲ್ಲಿ ತಮ್ಮ ಸತ್ತವರನ್ನು ಇಡುತ್ತಿದ್ದರು. ಡೋಗೋನರೂ ಆ ಪದ್ಧತಿಯನ್ನು ಮುಂದುವರಿಸಿದರು: ಶವವನ್ನು ಹಗ್ಗದಿಂದ ಮೇಲಕ್ಕೆಳೆದು ಗುಹೆಯಲ್ಲಿರಿಸುವುದು. ಆ ಹಗ್ಗವನ್ನು ಬಾವೋಬಾಬ್ ಮರದ ತೊಗಟೆಯ ನಾರಿನಿಂದ ಹೊಸೆಯುತ್ತಾರೆ. ಬಾವೋಬಾಬ್ ಎಂದರೆ ಮಕ್ಕಳಿಗೆ ತಿಳಿಯದು. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡ ಹುಣಸೆ ಮರಗಳು ಅಂದರೆ ತಕ್ಷಣ ಎರಡು ಕೈ ಮೇಲೇಳುತ್ತವೆ. ಎರಡೂ ಒಂದೇ ಜಾತಿಯ ಮರ. ಮಕ್ಕಳ ಪೂರ್ವಜ್ಞಾನವನ್ನು ಇಲ್ಲಿಂದಲೇ ಎತ್ತಿಕೊಳ್ಳಬಹುದು.

ಮುಖವಾಡ ಕೆತ್ತಲು ಬಳಸುವ ಮರವೂ ನಮಗೆ ಅಷ್ಟು ದೂರದ್ದಲ್ಲ. ಅದು ನಮ್ಮ ಬೂರುಗದ ಕುಲಕ್ಕೆ ಸೇರಿದ ಒಂದು ಆಫ್ರಿಕನ್ ಮರ. ಹಗುರ, ಮೃದು, ಉಳಿಗೆ ಬೇಗ ಬಗ್ಗುತ್ತದೆ. ಮುಖವಾಡದ ಜೊತೆ ತೊಡುವ ಕೆಂಪು ಮತ್ತು ಕಪ್ಪು ನಾರಿನ ಲಂಗ, ಮುಸುಕು, ತೋಳಪಟ್ಟಿಗಳಿಗೆ ಬಳಸುವ ನಾರು ನಮ್ಮ ಪುಂಡಿಯ ಕುಲದ ಗಿಡದ್ದು. ಈ ಕೆಂಪು ನಾರನ್ನು ಡೋಗೋನರು ಮರದ ಮುಖದಷ್ಟೇ ಪವಿತ್ರವೆಂದು ಎಣಿಸುತ್ತಾರೆ.

ಇಲ್ಲಿಯೇ ಪಾಠದ ಮುಖ್ಯ ಅಂಶ ಬರುತ್ತದೆ. ಡೋಗೋನ್ ಭಾಷೆಯಲ್ಲಿ ಮುಖವಾಡಕ್ಕೆ ‘ಇಮಿನಾ’ ಎನ್ನುತ್ತಾರೆ. ಆ ಪದ ಮುಖಕ್ಕೆ ಕಟ್ಟಿದ ಮರದ ತುಂಡಿಗೆ ನಿಲ್ಲುವುದಿಲ್ಲ. ಮರ, ನಾರು, ಕವಡೆ, ಒಳಗಿರುವ ಮನುಷ್ಯ, ಅವನ ಕುಣಿತ ಎಲ್ಲ ಸೇರಿದ ಜೀವಂತ ಆಕೃತಿಯೇ ಇಮಿನಾ. ಸಂಗ್ರಹಾಲಯದ ಗಾಜಿನ ಹಿಂದೆ ನೇತುಹಾಕಿರುವುದು ಹಾಗೆ ನೋಡಿದರೆ ಒಂದು ತಲೆಭಾಗ ಮಾತ್ರ. ಯಕ್ಷಗಾನದ ಕಿರೀಟವನ್ನು ಮೇಜಿನ ಮೇಲಿಟ್ಟು ‘ಇದೇ ಯಕ್ಷಗಾನ’ ಎಂದರೆ ಕರಾವಳಿಯ ಯಾವ ಮಗುವೂ ಒಪ್ಪುವುದಿಲ್ಲವಲ್ಲ!

ದಾಮಾ: ಕಳುಹಿಸಿಕೊಡುವುದು

ಮನುಷ್ಯ ಸತ್ತ ಕೂಡಲೇ ಶವಸಂಸ್ಕಾರ ನಡೆಯುತ್ತದೆ. ಆದರೆ ಡೋಗೋನರ ನಂಬಿಕೆಯಂತೆ ಸತ್ತವರು ಅಷ್ಟಕ್ಕೇ ಊರು ಬಿಡುವುದಿಲ್ಲ. ಎಲ್ಲ ಜೀವಿಗಳಲ್ಲೂ ‘ನ್ಯಾಮಾ’ ಎಂಬ ಶಕ್ತಿ ಇದೆ. ಸಾವಿನಲ್ಲಿ ಅದು ದೇಹದಿಂದ ಬಿಡುಗಡೆಯಾಗಿ ಅಲೆಯುತ್ತದೆ. ಬದುಕಿರುವವರಿಗೆ ಅದರಿಂದ ಅಪಾಯ. ಆತ್ಮವೂ ಮನೆಯ, ಊರಿನ ಸುತ್ತಮುತ್ತಲೇ ಇರುತ್ತದೆ. ಅದನ್ನು ಗೌರವದಿಂದ ಊರ ಗಡಿ ದಾಟಿಸಿ ಪೂರ್ವಜರ ಸಾಲಿಗೆ ಸೇರಿಸುವ ಆಚರಣೆ ‘ದಾಮಾ’. ಅಲ್ಲಿಗೆ ಶೋಕ ಮುಗಿಯುತ್ತದೆ, ಶೋಕದಲ್ಲಿದ್ದವರ ಮೇಲಿನ ನಿರ್ಬಂಧಗಳು ತೆರವಾಗುತ್ತವೆ.

ದಾಮಾ ಪ್ರತಿ ಸಾವಿಗೂ ಬೇರೆಬೇರೆಯಾಗಿ ನಡೆಯುವುದಿಲ್ಲ. ಹಲವು ವರ್ಷಗಳ ಅಂತರದಲ್ಲಿ, ಆ ನಡುವೆ ತೀರಿಕೊಂಡ ಹಲವರಿಗೆ ಸೇರಿಸಿ ಊರೇ ಒಟ್ಟಾಗಿ ಮಾಡುತ್ತದೆ. ಕಾರಣಗಳಲ್ಲಿ ಖರ್ಚೂ ಒಂದು: ನೆಂಟರು, ನೆರೆಯೂರಿನವರು, ದಿನಗಟ್ಟಲೆ ಊಟ, ಮಡಕೆಗಟ್ಟಲೆ ಸಜ್ಜೆಯ ಬಿಯರು. ಮಳೆ ಕೈಕೊಟ್ಟ ವರ್ಷ ಇದು ಆಗದ ಮಾತು. ಈ ಭಾಗವನ್ನು ವಿವರಿಸುತ್ತಿದ್ದಾಗ ಮೂರನೇ ಬೆಂಚಿನ ಹುಡುಗನೊಬ್ಬ, “ನಮ್ಮನೇಲೂ ಅಜ್ಜಿ ತೀರ್ಕೊಂಡ್ಮೇಲೆ ವರ್ಷದ ತನಕ ಹಬ್ಬ ಮಾಡ್ಲಿಲ್ಲ ಮಿಸ್” ಎಂದ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಮನೆಯ ಹನ್ನೊಂದು, ಹದಿಮೂರು, ನಲವತ್ತನೇ ದಿನ, ವರ್ಷಾಬ್ದಿಗಳ ಬಗ್ಗೆ ಹೇಳತೊಡಗಿದರು. ಮುಖವಾಡ ನೋಡಿ ನಕ್ಕವರೂ ಹೇಳಿದರು. ಚಾರ್ಟಿನಲ್ಲಿ ಬರೆದುಕೊಂಡಿದ್ದ ಪ್ರೇರಣಾ ಪ್ರಶ್ನೆಗಳು ನನಗೆ ಬೇಕಾಗಲೇ ಇಲ್ಲ.

ದಾಮಾದಲ್ಲಿ ಮುಖವಾಡಗಳು ಊರೊಳಗಿಂದ ಹೊರಡುವುದಿಲ್ಲ. ಹೊರಗಿನ ಕುರುಚಲು ಕಾಡಿನಿಂದ ಊರಿಗೆ ಬರುತ್ತವೆ. ಡೋಗೋನರ ಕಣ್ಣಲ್ಲಿ ಕಾಡು ಅಪಾಯದ ಜಾಗ, ಅದೇ ಶಕ್ತಿಯ ಮೂಲವೂ ಹೌದು. ಹೀಗಾಗಿ ಮುಖವಾಡಗಳ ಆಗಮನವೆಂದರೆ ಕಾಡೇ ಕೆಲವು ದಿನ ಊರಿಗೆ ಬಂದಂತೆ. ಡೋಲು ಮತ್ತು ಗಂಟೆಗಳ ಸದ್ದಿಗೆ ಸಾಲಾಗಿ ಬಂದು, ಸತ್ತವರ ಮನೆಯ ಚಪ್ಪಟೆ ಮಾಳಿಗೆಯ ಮೇಲೆ ಕುಣಿದು, ಊರ ಬಯಲಿನಲ್ಲಿ ಕುಣಿದು, ಕೊನೆಗೆ ಮತ್ತೆ ಕಾಡಿಗೆ ಹೊರಟುಹೋಗುತ್ತವೆ. ಅವು ಹೋಗುವಾಗ ಸತ್ತವರೂ ಹೋಗುತ್ತಾರೆ.

ಮುಖವಾಡಗಳು ಮಾತಾಡುವುದಿಲ್ಲ, ಕೂಗುತ್ತವೆ ಅಷ್ಟೆ. ಅವುಗಳನ್ನು ಹುರಿದುಂಬಿಸಿ ಮಾತಾಡುವವರು ಹಿರಿಯರು. ಬಳಸುವುದು ದಿನಬಳಕೆಯ ಭಾಷೆಯಲ್ಲ, ‘ಸಿಗಿ ಸೋ’ ಎಂಬ ಆಚರಣೆಯ ಗುಪ್ತ ಭಾಷೆ. ಕರಾವಳಿ ಕಡೆಯ ಮಕ್ಕಳಿದ್ದರೆ ‘ಇದು ಭೂತಕೋಲದ ಹಾಗೇ’ ಎನ್ನುವುದು ಖಚಿತ. ಆ ಹೋಲಿಕೆಯನ್ನು ತಡೆಯಬೇಕಿಲ್ಲ, ಆದರೆ ಅಲ್ಲಿಗೇ ಬಿಡಬಾರದು. ಕೋಲದಲ್ಲಿ ದೈವ ಪಾತ್ರಿಯ ಮೈಮೇಲೆ ಬಂದು ನುಡಿ ಕೊಡುತ್ತದೆ, ನ್ಯಾಯ ಹೇಳುತ್ತದೆ. ಡೋಗೋನ್ ಕುಣಿತಗಾರ ನುಡಿ ಕೊಡುವುದಿಲ್ಲ. ಅವನ ಕೆಲಸ ಕುಣಿದು ಸತ್ತವರನ್ನು ಹೊರಡಿಸುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಕೇಳಿದಾಗಲೇ ಮಕ್ಕಳು ಚೆನ್ನಾಗಿ ಯೋಚಿಸುತ್ತಾರೆ.

ಕುಣಿಯುವವರು ‘ಆವಾ’ ಎಂಬ ಮುಖವಾಡ ಸಂಘದ ಸದಸ್ಯರು. ದೀಕ್ಷೆ ಪಡೆದ ಗಂಡಸರಿಗಷ್ಟೇ ಅಲ್ಲಿ ಪ್ರವೇಶ. ಅನೇಕ ಮುಖವಾಡಗಳನ್ನು ಧರಿಸುವವನೇ ಗುಟ್ಟಾಗಿ ಕೆತ್ತಿಕೊಳ್ಳುತ್ತಾನೆ. ಹೆಂಗಸರು, ಮಕ್ಕಳು ದೂರದಿಂದ ನೋಡಬೇಕು, ಹತ್ತಿರ ಸುಳಿಯುವಂತಿಲ್ಲ. ಇದಕ್ಕೆ ಒಂದೇ ಅಪವಾದ ‘ಯಾಸಿಗಿನೆ’, ಅಂದರೆ ಮುಖವಾಡಗಳ ಸೋದರಿ ಎಂದು ಗುರುತಿಸಲ್ಪಟ್ಟ ಕೆಲವೇ ಹೆಂಗಸರು. ಕುತೂಹಲದ ಸಂಗತಿ ಎಂದರೆ ಡೋಗೋನರ ಕಥೆಯಲ್ಲೇ ಕೆಂಪು ನಾರು ಮತ್ತು ಮುಖವಾಡ ಮೊದಲು ಸಿಕ್ಕಿದ್ದು ಹೆಂಗಸಿಗೆ. ಅವಳು ಅದನ್ನು ತೊಟ್ಟು ಗಂಡಸರನ್ನು ಹೆದರಿಸಿದಳಂತೆ. ಆಮೇಲೆ ಗಂಡಸರು ಕಸಿದುಕೊಂಡರಂತೆ. ತಲೆಯ ಮೇಲೆ ಪೂರ್ಣ ಸ್ತ್ರೀ ಆಕೃತಿ ನಿಂತಿರುವ ‘ಸತಿಂಬೆ’ ಮುಖವಾಡ ಈ ಸೋದರಿಯನ್ನು ನೆನಪಿಸುತ್ತದೆ. ಅದನ್ನು ಕುಣಿಸುವವನೂ ಗಂಡಸೇ. ನನ್ನ ತರಗತಿಯ ಹುಡುಗಿಯರು ಇಲ್ಲಿ ಬಹಳ ಹೊತ್ತು ವಾದ ಮಾಡಿದರು. ವೇಳೆಯನ್ನು ಲೆಕ್ಕಿಸದೆ ಆ ವಾದಕ್ಕೆ ಜಾಗ ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕನಗಾ ಮತ್ತು ಸಿರಿಗೇ

ಮುಖವಾಡಗಳಲ್ಲಿ ಎಷ್ಟು ಬಗೆ? ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಗ್ರಿಯೋಲ್ 1938ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಎಂಬತ್ತರ ಹತ್ತಿರ ಬಗೆಗಳನ್ನು ದಾಖಲಿಸಿದ. ಜಿಂಕೆ ಜಾತಿಯ ‘ವಾಲು’, ಮೊಲ, ಕತ್ತೆಕಿರುಬ, ಕೋತಿ, ಬೇಟೆಗಾರ ಹೀಗೆ ಪಟ್ಟಿ ಬೆಳೆಯುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ. ಎರಡನ್ನು ಚೆನ್ನಾಗಿ ನೋಡಿದರೆ ಸಾಕು.

ಮೊದಲನೆಯದು ಕನಗಾ. ಮುಖಭಾಗ ಒಂದು ಚೌಕಾಕಾರದ ಪೆಟ್ಟಿಗೆಯಂತೆ. ಎರಡು ಉದ್ದನೆಯ ಆಳವಾದ ತೋಡು, ಅವುಗಳಲ್ಲಿ ಕಣ್ಣು. ಮೇಲೆ ಒಂದು ನೆಟ್ಟಗಿನ ಪಟ್ಟಿ, ಅದಕ್ಕೆ ಎರಡು ಅಡ್ಡಪಟ್ಟಿ. ಮೇಲಿನ ಪಟ್ಟಿಯ ತುದಿಗಳು ಮೇಲಕ್ಕೆ, ಕೆಳಗಿನದರ ತುದಿಗಳು ಕೆಳಕ್ಕೆ ಚಾಚಿರುತ್ತವೆ. ಏನಿದರ ಅರ್ಥ? ರೆಕ್ಕೆ ಬಿಚ್ಚಿದ ಹಕ್ಕಿ ಎನ್ನುವುದು ಊರಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ. ಮೊಸಳೆ ಎಂಬ ವಿವರಣೆ ಇದೆ. ಒಂದು ಕೈ ಆಕಾಶಕ್ಕೂ ಒಂದು ಕೈ ಭೂಮಿಗೂ ತೋರಿಸುತ್ತಿರುವ ಸೃಷ್ಟಿಕರ್ತ ಎಂಬ ವಿವರಣೆಯೂ ಇದೆ. (ಆ ಸೃಷ್ಟಿಕರ್ತನ ಹೆಸರು ‘ಅಮ್ಮಾ’. ನಮ್ಮ ಅಮ್ಮನಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಮಕ್ಕಳು ಈ ಹೆಸರನ್ನು ಮರೆಯುವುದಿಲ್ಲ.) ಮೇಲುನೋಟದ ಅರ್ಥ ಎಲ್ಲರಿಗೆ, ಒಳ ಅರ್ಥ ದೀಕ್ಷೆ ಪಡೆದವರಿಗೆ ಎಂದು ಗ್ರಿಯೋಲ್ ಬರೆದ. ಪರೀಕ್ಷೆಗೆ ‘ಕನಗಾ ಯಾವುದರ ಸಂಕೇತ?’ ಎಂದು ಒಂದು ಅಂಕದ ಪ್ರಶ್ನೆ ತೆಗೆಯುವ ಆಸೆ ಬರುತ್ತದೆ. ತೆಗೆಯಬಾರದು. ಒಂದೇ ಆಕೃತಿ ಹೇಳುವವರ ವಯಸ್ಸಿಗೆ, ಅವರ ದೀಕ್ಷೆಗೆ ತಕ್ಕಂತೆ ಬೇರೆಬೇರೆ ಅರ್ಥ ಕೊಡುತ್ತದೆ. ಮಕ್ಕಳಿಗೆ ಕಲಿಸಬೇಕಾದದ್ದು ಆ ಸಂಗತಿಯನ್ನು.

ಅರ್ಥಕ್ಕಿಂತ ಕುಣಿತ ಸ್ಪಷ್ಟ. ಕನಗಾ ಕುಣಿಯುವವನು ಸೊಂಟದಿಂದ ಮೇಲಿನ ಇಡೀ ಮೈಯನ್ನು ಬೀಸಿ ಸುತ್ತಿಸಿ, ಮುಖವಾಡದ ತುದಿ ನೆಲ ಸವರುವಂತೆ ಮಾಡುತ್ತಾನೆ, ಧೂಳೇಳುತ್ತದೆ, ಮತ್ತೆ ನೆಟ್ಟಗೆ ನಿಲ್ಲುತ್ತಾನೆ. ಒಬ್ಬನಲ್ಲ, ಸಾಲು ಸಾಲಾಗಿ ಕುಣಿಯುತ್ತಾರೆ. 1959ರಲ್ಲಿ ಮಾಲಿ ಒಕ್ಕೂಟದ ಬಾವುಟದ ನಡುವೆ ಇದೇ ಕನಗಾ ಆಕೃತಿಯನ್ನು ಕಪ್ಪು ಬಣ್ಣದಲ್ಲಿ ಇಟ್ಟಿದ್ದರು, 1961ರಲ್ಲಿ ತೆಗೆದುಹಾಕಿದರು. ಈಗಿನ ಮಾಲಿ ಬಾವುಟದಲ್ಲಿ ಮೂರು ಪಟ್ಟಿಗಳಷ್ಟೇ ಇವೆ.

ಎರಡನೆಯದು ಸಿರಿಗೇ. ಇದರ ಹಲಗೆ ನಾಲ್ಕೈದು ಮೀಟರ್ ಎತ್ತರಕ್ಕೆ ಹೋಗುತ್ತದೆ. ಅಂದರೆ ಎರಡು ಮಹಡಿ ಮನೆಯ ಎತ್ತರ. ಒಂದೇ ಮರದಿಂದ ಕೆತ್ತಿ, ಹಲಗೆಯಲ್ಲಿ ಜಾಲಂದ್ರದಂಥ ಕಿಂಡಿಗಳನ್ನು ಕೊರೆದಿರುತ್ತಾರೆ. ಇದನ್ನು ಮಹಡಿ ಮನೆಯ, ಅಂದರೆ ತಲೆಮಾರಿನ ಮೇಲೆ ತಲೆಮಾರು ನಿಂತ ವಂಶದ ಗುರುತೆಂದು ಹೇಳುತ್ತಾರೆ. ಕುಣಿಯುವವನು ಮಂಡಿಯೂರಿ ಹಲಗೆಯ ತುದಿಯನ್ನು ಮುಂದಕ್ಕೆ ನೆಲಕ್ಕೆ ಮುಟ್ಟಿಸುತ್ತಾನೆ, ಹಿಂದಕ್ಕೆ ಬಾಗಿ ಮುಟ್ಟಿಸುತ್ತಾನೆ. ಮುಖವಾಡವನ್ನು ಹಿಡಿದಿಡಲು ಕಟ್ಟುಗಳ ಜೊತೆಗೆ ಒಳಗಿನ ಅಡ್ಡಕಡ್ಡಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಾನೆ.

ಭೌತಶಾಸ್ತ್ರ ಓದಿದವರಿಗೆ ಇಲ್ಲಿ ಕೈ ತುರಿಸದೆ ಇರುವುದಿಲ್ಲ. ಲೆಕ್ಕಕ್ಕೆಂದು ಮುಖವಾಡದ ರಾಶಿ 5 ಕಿಲೋಗ್ರಾಂ, ಅದರ ಗುರುತ್ವ ಕೇಂದ್ರ ಕತ್ತಿನಿಂದ 2 ಮೀಟರ್ ದೂರದಲ್ಲಿದೆ ಎಂದು ಇಟ್ಟುಕೊಳ್ಳೋಣ (ಅಳೆದ ಅಂಕಿಯಲ್ಲ, ಕಪ್ಪುಹಲಗೆಯ ಅಂಕಿ). ನೆಟ್ಟಗೆ ನಿಂತಾಗ ಟಾರ್ಕ್ ಸೊನ್ನೆ, ಬರೀ ಭಾರ. 30 ಡಿಗ್ರಿ ಬಾಗಿದರೆ 5 × 9.8 × 2 × 0.5, ಅಂದರೆ 49 ನ್ಯೂಟನ್ ಮೀಟರ್. ಪೂರ್ತಿ ಅಡ್ಡವಾದಾಗ 98. ಒಂದು ಮೀಟರ್ ಕೋಲಿನ ತುದಿಗೆ 10 ಕಿಲೋ ಅಕ್ಕಿ ಚೀಲ ಕಟ್ಟಿ, ಇನ್ನೊಂದು ತುದಿ ಹಿಡಿದು ಅಡ್ಡಲಾಗಿ ಚಾಚಿದಾಗ ಆಗುವಷ್ಟು ಟಾರ್ಕ್ ಇದು. ಇಲ್ಲಿ ಹಿಡಿದಿರುವುದು ಕತ್ತು ಮತ್ತು ಹಲ್ಲು! ಹಗುರ ಮರವನ್ನೇ ಆರಿಸುವುದೇಕೆ, ಹಲಗೆಗೆ ಕಿಂಡಿ ಕೊರೆದರೆ ಏನು ಲಾಭ, ಗಾಳಿ ಬೀಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಮಕ್ಕಳೇ ಉತ್ತರ ಕಂಡುಕೊಂಡರು. ರಟ್ಟಿನ ಪಟ್ಟಿಗಳನ್ನು ಕತ್ತರಿಸಿ, ಕಿಂಡಿ ಇದ್ದದ್ದು ಮತ್ತು ಇಲ್ಲದ್ದನ್ನು ಬೆರಳ ಮೇಲೆ ನಿಲ್ಲಿಸಿ ಬಾಗಿಸಿ ನೋಡಿದೆವು. ಖರ್ಚಿಲ್ಲದ ಬೋಧನೋಪಕರಣ. ರಟ್ಟಿನ ಮಾದರಿ ಮಾಡಿಸಿದೆನೇ ಹೊರತು ಕುಣಿತವನ್ನು ಮಕ್ಕಳಿಂದ ಅನುಕರಣೆ ಮಾಡಿಸಲಿಲ್ಲ. ಬೇರೆಯವರ ಉತ್ತರಕ್ರಿಯೆಯನ್ನು ಶಾಲಾ ವಾರ್ಷಿಕೋತ್ಸವದ ವೇದಿಕೆಗೆ ತರುವುದು ನನಗೆ ಸರಿ ಕಾಣುವುದಿಲ್ಲ.

ನೋಡುವವರನ್ನೇ ನೋಡುವ ಮುಖವಾಡ

ಡೋಗೋನ್ ಮುಖವಾಡಗಳು ‘ಪ್ರಾಚೀನ’, ಬದಲಾಗದವು ಎಂಬ ಭಾವನೆಯನ್ನು ಒಂದು ಸಂಗತಿ ಮುರಿಯುತ್ತದೆ. ಅವರು ತಮ್ಮ ಸುತ್ತ ಕಂಡವರನ್ನೆಲ್ಲ ಮುಖವಾಡ ಮಾಡಿದರು. ನೆರೆಯ ಫುಲಾನಿ ದನಗಾಹಿ ಹೆಣ್ಣಿನ ಮುಖವಾಡ ಇದೆ. ಬಿಳಿಯರ ಮುಖವಾಡ ಇದೆ. ಟಿಪ್ಪಣಿ ಪುಸ್ತಕ ಹಿಡಿದು ಎಲ್ಲರನ್ನೂ ಅರ್ಥವಿಲ್ಲದ ಪ್ರಶ್ನೆ ಕೇಳುತ್ತಾ ತಿರುಗುವ ಮಾನವಶಾಸ್ತ್ರಜ್ಞನ ಅಣಕವೂ ಇದೆ. ಅವರನ್ನು ಅಧ್ಯಯನ ಮಾಡಲು ಹೋದವರನ್ನು ಅವರೂ ಗಮನಿಸುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ನಮ್ಮ ಅಭ್ಯಾಸ ಪಾಠದಲ್ಲೂ ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕೂರುವ ವೀಕ್ಷಕರನ್ನು ಮಕ್ಕಳು ಬಿಡುವಿನಲ್ಲಿ ಅಭಿನಯಿಸಿ ತೋರಿಸುವುದುಂಟು, ಉಪನ್ಯಾಸಕರು ಕ್ಷಮಿಸಬೇಕು.

ಆ ಟಿಪ್ಪಣಿ ಪುಸ್ತಕದ ಹಿಂದೆ ಒಂದು ಗಂಭೀರ ಕಥೆಯಿದೆ. ಮಾಲಿ ಆಗ ಫ್ರಾನ್ಸಿನ ವಸಾಹತು. 1931ರಿಂದ 1933ರವರೆಗೆ ಗ್ರಿಯೋಲ್ ನೇತೃತ್ವದಲ್ಲಿ ಡಕಾರ್‌ನಿಂದ ಜಿಬೂಟಿಯವರೆಗೆ ಆಫ್ರಿಕಾವನ್ನು ಅಡ್ಡಹಾಯ್ದ ಸಂಶೋಧನಾ ಯಾತ್ರೆ ನಡೆಯಿತು. ಮೂರು ಸಾವಿರಕ್ಕೂ ಹೆಚ್ಚು ವಸ್ತುಗಳು ಪ್ಯಾರಿಸ್ಸಿಗೆ ಹೋದವು. ತಂಡದ ಕಾರ್ಯದರ್ಶಿಯಾಗಿದ್ದ ಲೇಖಕ ಮಿಶೆಲ್ ಲೆರಿಸ್ 1934ರಲ್ಲಿ ಪ್ರಕಟಿಸಿದ ದಿನಚರಿಯಲ್ಲಿ, ಕೆಲವು ಪವಿತ್ರ ವಸ್ತುಗಳನ್ನು ಊರವರನ್ನು ಬೆದರಿಸಿ, ಕೆಲವನ್ನು ಕದ್ದು ತಂದದ್ದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆ ಸಂಗ್ರಹ ಈಗ ಪ್ಯಾರಿಸ್ಸಿನ ಕೆ ಬ್ರಾನ್ಲಿ ಸಂಗ್ರಹಾಲಯದಲ್ಲಿದೆ. ನಮಗೆ ಇಂದು ಡೋಗೋನ್ ಮುಖವಾಡದ ಬಗ್ಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಬಂದದ್ದು ಇದೇ ಜನರ ಬರಹದಿಂದ. ಎರಡೂ ಮಾತನ್ನು ಮಕ್ಕಳಿಗೆ ಹೇಳಬೇಕು.

ಸಿಗಿ, ಹಾವು ಮತ್ತು ಲುಬ್ಧಕ

ದಾಮಾಕ್ಕಿಂತ ದೊಡ್ಡದು ‘ಸಿಗಿ’. ಇದು 60 ವರ್ಷಕ್ಕೊಮ್ಮೆ ಬರುತ್ತದೆ. ಗ್ರಿಯೋಲ್ ದಾಖಲಿಸಿದ ಕಥೆಯಂತೆ, ಮೊದಲು ಮನುಷ್ಯರು ಸಾಯುತ್ತಿರಲಿಲ್ಲ. ಮುಪ್ಪಾದಾಗ ಹಾವಾಗಿ ಬದಲಾಗುತ್ತಿದ್ದರು. ಹಾಗೆ ಹಾವಾಗಿದ್ದ ಹಿರಿಯನೊಬ್ಬ ನಿಯಮ ಮೀರಿದ ಯುವಕರನ್ನು ಕಂಡು ಸಿಟ್ಟಿನಲ್ಲಿ ಮನುಷ್ಯರ ಭಾಷೆಯಲ್ಲೇ ಗದರಿಬಿಟ್ಟ. ಹಾವಾದ ಮೇಲೆ ಆ ಭಾಷೆ ಆಡಬಾರದಿತ್ತು. ಅವನು ಅಲ್ಲೇ ಸತ್ತ. ಹೀಗೆ ಸಾವು ಮನುಷ್ಯರ ನಡುವೆ ಬಂತು. ಅವನ ಆತ್ಮಕ್ಕೆ ನೆಲೆಯಾಗಿ ಹಾವಿನಾಕಾರದ ಒಂದು ಮಹಾಮುಖವಾಡವನ್ನು ಕೆತ್ತಿದರು. ಹಲವು ಮೀಟರ್ ಉದ್ದದ ಇದನ್ನು ಯಾರೂ ಧರಿಸುವುದಿಲ್ಲ. ಪ್ರತಿ ಸಿಗಿಗೂ ಹೊಸದೊಂದನ್ನು ಕೆತ್ತಿ, ಹಳೆಯದನ್ನು ಬಂಡೆಯ ಗುಹೆಯಲ್ಲಿ ಇಡುತ್ತಾರೆ. ಆದ್ದರಿಂದ ಗುಹೆಯಲ್ಲಿರುವ ಮಹಾಮುಖವಾಡಗಳನ್ನು ಎಣಿಸಿ 60ರಿಂದ ಗುಣಿಸಿದರೆ ಊರಿನ ವಯಸ್ಸಿನ ಅಂದಾಜು ಸಿಗುತ್ತದೆ. ಬರವಣಿಗೆಯಿಲ್ಲದ ಕಾಲಗಣನೆ! ನಮ್ಮ ಪ್ರಭವ, ವಿಭವ ಎಂಬ ಸಂವತ್ಸರ ಚಕ್ರವೂ 60ರದ್ದೇ. ಎರಡಕ್ಕೂ ನಂಟಿಲ್ಲ, ಮನುಷ್ಯನ ಆಯಸ್ಸಿನ ಅಳತೆ ಎರಡೂ ಕಡೆ ಒಂದೇ ಎನ್ನುವುದನ್ನು ಬಿಟ್ಟರೆ.

ಸಿಗಿ ಒಂದು ದಿನದ ಹಬ್ಬವಲ್ಲ. ಯೂಗೋ ಎಂಬ ಊರಿನಲ್ಲಿ ಆರಂಭವಾಗಿ, ವರ್ಷಕ್ಕೆ ಒಂದೊಂದು ಕಡೆಗೆ ಸಾಗುತ್ತಾ ಏಳು ವರ್ಷ ನಡೆಯುತ್ತದೆ. 1967ರಿಂದ ನಡೆದ ಸಿಗಿಯನ್ನು ಜಾಂ ರೂಶ್ ಮತ್ತು ಜೆರ್ಮೇನ್ ದಿಯೆತೆರ್ಲೆನ್ ಚಲನಚಿತ್ರವಾಗಿ ಚಿತ್ರೀಕರಿಸಿದರು. ಆ ಸಂದರ್ಭದಲ್ಲಿ ‘ಒಲುಬಾರು’ ಎಂಬ ಹುದ್ದೆಗೆ ಆರಿಸಲ್ಪಟ್ಟವರು ಸಿಗಿ ಸೋ ಭಾಷೆಯನ್ನು ಕಲಿತು ಮುಂದಿನ ಸಿಗಿಯವರೆಗೆ ಕಾಪಾಡಬೇಕು.

ಮಕ್ಕಳು ಮೊಬೈಲಿನಲ್ಲಿ ‘ಡೋಗೋನ್’ ಎಂದು ಹುಡುಕಿದರೆ ಮೊದಲು ಸಿಗುವುದು ಮುಖವಾಡವಲ್ಲ, ಅನ್ಯಗ್ರಹ ಜೀವಿಗಳು. ಅದಕ್ಕೆ ನಾವು ತಯಾರಿರಬೇಕು. ಲುಬ್ಧಕ ಆಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರ. ಅದಕ್ಕೆ ಕಣ್ಣಿಗೆ ಕಾಣದ ಒಬ್ಬ ಸಂಗಾತಿ ಇದೆ, ಒಂದು ಶ್ವೇತ ಕುಬ್ಜ. 1844ರಲ್ಲಿ ಬೆಸೆಲ್ ಲುಬ್ಧಕದ ಚಲನೆಯ ಅಂಕುಡೊಂಕಿನಿಂದ ಅದನ್ನು ಊಹಿಸಿದ. 1862ರಲ್ಲಿ ಅಮೆರಿಕದ ಆಲ್ವಾನ್ ಗ್ರಹಾಂ ಕ್ಲಾರ್ಕ್ ದೂರದರ್ಶಕದಲ್ಲಿ ಕಂಡ. ಅದರ ಪರಿಭ್ರಮಣ ಅವಧಿ ಸುಮಾರು 50 ವರ್ಷ. ಡೋಗೋನ್ ಹಿರಿಯರಿಗೆ ಈ ಸಂಗಾತಿಯ ವಿಷಯ ಗೊತ್ತಿತ್ತು ಎಂದು ಗ್ರಿಯೋಲ್ ಮತ್ತು ದಿಯೆತೆರ್ಲೆನ್ 1950ರಲ್ಲಿ ಬರೆದರು, ಸಿಗಿಯನ್ನೂ ಅದಕ್ಕೆ ಜೋಡಿಸಿದರು. 1976ರಲ್ಲಿ ರಾಬರ್ಟ್ ಟೆಂಪಲ್ ಎಂಬಾತ ಇದನ್ನೇ ಹಿಡಿದು, ಲುಬ್ಧಕದಿಂದ ಬಂದವರೇ ಅವರಿಗೆ ಕಲಿಸಿದರು ಎಂಬ ಪುಸ್ತಕ ಬರೆದ. ನಂತರ ವರ್ಷಗಟ್ಟಲೆ ಡೋಗೋನರ ನಡುವೆ ಕೆಲಸ ಮಾಡಿದ ಡಚ್ ಮಾನವಶಾಸ್ತ್ರಜ್ಞ ವಾಲ್ಟರ್ ವಾನ್ ಬೇಕ್, ಆ ಗುಪ್ತ ಜ್ಞಾನ ತನಗೆ ಯಾರಲ್ಲೂ ಸಿಗಲಿಲ್ಲವೆಂದು 1991ರಲ್ಲಿ ಪ್ರಕಟಿಸಿದ.

ಇಲ್ಲಿ ಮಕ್ಕಳಿಗೆ ನಾನಿಟ್ಟ ಪ್ರಶ್ನೆ: 1862ಕ್ಕೂ 1950ಕ್ಕೂ ನಡುವೆ ಎಷ್ಟು ವರ್ಷ? ಎಂಬತ್ತೆಂಟು. ಆ ಅವಧಿಯಲ್ಲಿ ಹೊರಗಿನವರಿಂದ ವಿಷಯ ಅಲ್ಲಿಗೆ ತಲುಪಿರಬಹುದೇ? ಪ್ರಶ್ನೆ ಕೇಳುವವನ ತಲೆಯಲ್ಲಿರುವುದು ಉತ್ತರದೊಳಗೆ ಸೇರಿಕೊಳ್ಳಬಹುದೇ? 50 ಮತ್ತು 60 ಒಂದೇ ಅಂಕಿಯೇ? ಸ್ವತಂತ್ರವಾಗಿ ಮತ್ತೊಬ್ಬರು ಪರೀಕ್ಷಿಸಿದಾಗ ಸಿಗದ ಫಲಿತಾಂಶವನ್ನು ವಿಜ್ಞಾನದಲ್ಲಿ ಏನೆನ್ನುತ್ತೇವೆ? ಅನ್ಯಗ್ರಹದ ಕಥೆಗೆ ನನ್ನ ಆಕ್ಷೇಪ ಇನ್ನೊಂದು ಬಗೆಯದು. ಅದು ಡೋಗೋನರನ್ನು ಹೊಗಳಿದಂತೆ ಕಾಣುತ್ತದೆ, ಆದರೆ ಅವರು ತಾವಾಗಿ ಏನನ್ನೂ ಯೋಚಿಸಿರಲಾರರು ಎಂಬ ತಾತ್ಸಾರ ಅದರೊಳಗಿದೆ. ಸಾವಿನ ಬಗ್ಗೆ ಇಷ್ಟು ಆಳವಾಗಿ ಚಿಂತಿಸಿದ ಜನಕ್ಕೆ ನಕ್ಷತ್ರದ ಶಿಫಾರಸು ಬೇಕಿಲ್ಲ.

ಈಗಿನ ಸ್ಥಿತಿ

ಡೋಗೋನರಲ್ಲಿ ಅನೇಕರು ಇಂದು ಮುಸ್ಲಿಮರು, ಕೆಲವರು ಕ್ರೈಸ್ತರು. ದಾಮಾ ಅಪರೂಪವಾಗಿರುವ ಊರುಗಳಿವೆ. ಪ್ರವಾಸಿಗರಿಗಾಗಿ ಕುಣಿಯುವುದು, ಮಾರಲು ಕೆತ್ತುವುದು ದಶಕಗಳಿಂದ ನಡೆದಿತ್ತು. 2012ರಲ್ಲಿ ಉತ್ತರ ಮಾಲಿಯಲ್ಲಿ ಯುದ್ಧ ಶುರುವಾದ ಮೇಲೆ ಪ್ರವಾಸಿಗರೂ ನಿಂತರು. ಆಮೇಲೆ ಹಿಂಸೆ ನಡುಮಾಲಿಗೆ ಇಳಿಯಿತು. 2019ರ ಮಾರ್ಚಿನಲ್ಲಿ ಒಗೊಸ್ಸಾಗು ಎಂಬ ಫುಲಾನಿ ಹಳ್ಳಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಜನರ ಕೊಲೆಯಾಯಿತು. ಡೋಗೋನ್ ಸಶಸ್ತ್ರ ಗುಂಪಿನ ಮೇಲೆ ಆರೋಪ ಬಂತು. ಅದೇ ಜೂನಿನಲ್ಲಿ ಸೊಬಾನೆ ದಾ ಎಂಬ ಡೋಗೋನ್ ಹಳ್ಳಿಯ ಮೇಲೆ ದಾಳಿಯಾಗಿ ಮಕ್ಕಳೂ ಸೇರಿ ಹಲವರು ಸತ್ತರು. ಫುಲಾನಿ ಹೆಣ್ಣನ್ನು ತಮ್ಮ ಮುಖವಾಡಗಳ ಸಾಲಿನಲ್ಲಿ ಕುಣಿಸುತ್ತಿದ್ದ ಊರುಗಳ ಸುದ್ದಿ ಇದು. ಒಂಬತ್ತನೇ ತರಗತಿಯವರಿಗೆ ಇದನ್ನು ಹೇಳಬೇಕೇ ಎಂದು ಮಾರ್ಗದರ್ಶಕ ಶಿಕ್ಷಕಿಯನ್ನು ಕೇಳಿದೆ. “ಹೇಳಮ್ಮ, ಆದ್ರೆ ಅಂಕಿಸಂಖ್ಯೆ ಓದ್ಬಿಟ್ಟು ಬೆಲ್ ಹೊಡೀತು ಅಂತ ಹೊರಟುಬಿಡ್ಬೇಡ” ಎಂದರು. ಎರಡನೇ ಅವಧಿಯ ನಡುವಿನಲ್ಲೇ ಹೇಳಿ, ಮಕ್ಕಳ ಮಾತಿಗೆ ಹದಿನೈದು ನಿಮಿಷ ಉಳಿಸಿಕೊಂಡೆ.

ಕೊನೆಯ ಚಟುವಟಿಕೆ ಒಂದು ಸಣ್ಣ ಲೆಕ್ಕ. ಕಳೆದ ಸಿಗಿ 1967ರಲ್ಲಿ ಆರಂಭವಾಯಿತು, ಮುಂದಿನದು ಎಂದು? 2027 ಎಂದು ಎಲ್ಲರೂ ಬರೆದರು. ಆಗ ಹದಿನೈದು ವರ್ಷದವನಾಗಿ ಒಲುಬಾರು ಆದ ಹುಡುಗನಿಗೆ ಈಗ ಎಷ್ಟು ವಯಸ್ಸು? ಎಪ್ಪತ್ತೈದರ ಸಮೀಪ. ಗುಪ್ತ ಭಾಷೆ ಬಲ್ಲವನು ಅವನು, ಹೊಸ ಮಹಾಮುಖವಾಡದ ಮುಂದೆ ನಿಂತು ಮಾತಾಡಬೇಕಾದವನೂ ಅವನು. “ಅವ್ರು ಇರ್ತಾರಾ ಮಿಸ್?” ಎಂದು ಒಬ್ಬಳು ಕೇಳಿದಳು. ಆ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಹಾಗೆಯೇ ಬರೆದು ಬಿಟ್ಟೆ.